ಕಾಲ್‌ನಲ್ಲಿ ನಿಮ್ಮ ದನಿ ಕೇಳುತ್ತಿಲ್ಲವಾ? ಲಿನಕ್ಸ್ ಲ್ಯಾಪ್‌ಟಾಪಿನ ಮೈಕ್ ಸರಿ ಮಾಡುವ ದಾರಿ

ನಮ್ಮ ಕಡೆ ತೋಟಕ್ಕೆ ನೀರು ಬರಲಿಲ್ಲ ಅಂದರೆ ಯಾರೂ ಮೊದಲಿಗೇ ಹೊಸ ಪೈಪ್ ತರಲು ಬದಿಯಡ್ಕ ಪೇಟೆಗೆ ಹೋಗುವುದಿಲ್ಲ. ಗುಡ್ಡ ಕೊರೆದು ನೀರು ತೆಗೆಯುವ ಸುರಂಗದ ಬಾಯಲ್ಲಿ ನೀರಿದೆಯಾ ನೋಡುತ್ತಾರೆ. ಅಲ್ಲಿದ್ದರೆ ಟ್ಯಾಂಕಿ ನೋಡುತ್ತಾರೆ. ಅಲ್ಲೂ ಇದ್ದರೆ ವಾಲ್ವ್. ಹೀಗೆ ಮೇಲಿನಿಂದ ಇಳಿಯುತ್ತಾ ನೀರು ಎಲ್ಲಿವರೆಗೆ ಬಂತು, ಎಲ್ಲಿ ನಿಂತಿತು ಅಂತ ಹುಡುಕುತ್ತಾರೆ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಮೈಕ್ ಕೈಕೊಟ್ಟಾಗಲೂ ಇದೇ ಕ್ರಮ ಸರಿ. ಆದರೆ ಹೆಚ್ಚಿನವರು ಗಾಬರಿಯಲ್ಲಿ ನೆಟ್‌ನಲ್ಲಿ ಹುಡುಕಿ, ಸಿಕ್ಕಿದ ಹತ್ತು ಕಮಾಂಡುಗಳನ್ನು ಒಂದರ ಮೇಲೊಂದು ಹಾಕಿಬಿಡುತ್ತಾರೆ. ಕೊನೆಗೆ ಮೈಕ್ ಹಾಗೇ ಉಳಿದು, ಸರಿಯಿದ್ದ ಸ್ಪೀಕರೂ ನಿಂತುಹೋಗಿರುತ್ತದೆ.

ಕಾಸರಗೋಡಿನಲ್ಲಿ ಇದನ್ನು ಬರೆಯುವುದಕ್ಕೆ ಕಾರಣ ಇದೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಕಂಪ್ಯೂಟರ್ ಅಂದರೆ ಲಿನಕ್ಸ್. 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾಗಿ 2017ರಲ್ಲಿ ಕೈಟ್ ಆದ ಸಂಸ್ಥೆ ಉಬುಂಟು ಅನ್ನುವ ಲಿನಕ್ಸ್ ಆವೃತ್ತಿಯ ಮೇಲೆ ಕಟ್ಟಿದ ತನ್ನದೇ ಲಿನಕ್ಸನ್ನು ಶಾಲೆಗಳಿಗೆ ಕೊಡುತ್ತದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಹಾಗಾಗಿ ಕುಂಬಳೆ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಅಂತ ಎಲ್ಲಿ ಹೋದರೂ ಮನೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇಟ್ಟುಕೊಂಡವರು ಸಿಗುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುತ್ತಾರೆ, ಸಂಜೆ ಕಾಲ್ ಮಾಡಿದಾಗ ಮುಖ ಕಾಣುತ್ತದೆ, ದನಿ ಮಾತ್ರ ಇಲ್ಲ. ಅಜ್ಜಿ ಇಲ್ಲಿ ಕೂಗಿ ಕೂಗಿ ಸುಸ್ತಾಗುತ್ತಾರೆ. ನೋಡಲು ಬೇಜಾರಾಗುತ್ತದೆ.

ಮೊದಲು ದಾರಿ ಗೊತ್ತಿರಲಿ. ನಿಮ್ಮ ದನಿ ಮೈಕಿನಿಂದ ಸೌಂಡ್ ಕಾರ್ಡಿಗೆ ಹೋಗುತ್ತದೆ. ಅದನ್ನು ಲಿನಕ್ಸಿನ ತಿರುಳಾದ ಕರ್ನೆಲ್ ಒಳಗಿನ ಆಲ್ಸಾ ಅನ್ನುವ ಭಾಗ ತೆಗೆದುಕೊಳ್ಳುತ್ತದೆ. ಅಲ್ಲಿಂದ ದನಿಯನ್ನು ಪ್ರೋಗ್ರಾಂಗಳಿಗೆ ಹಂಚಿಕೊಡುವ ಪಲ್ಸ್‌ಆಡಿಯೋಗೆ, ಇಲ್ಲವೇ ಈಗಿನ ಹೊಸತಾದ ಪೈಪ್‌ವೈರಿಗೆ. ಅಲ್ಲಿಂದ ಬ್ರೌಸರಿಗೆ, ಬ್ರೌಸರಿನಿಂದ ನೆಟ್‌ಗೆ. ಉಬುಂಟು 22.04 ತನಕ ದನಿಯ ಕೆಲಸ ಪಲ್ಸ್‌ಆಡಿಯೋದ್ದು, 22.10ರಿಂದ ಪೈಪ್‌ವೈರ್‌ದು. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್ 2021ರಲ್ಲೇ 34ನೇ ಆವೃತ್ತಿಯಿಂದ ಪೈಪ್‌ವೈರಿಗೆ ಬಂತು. ಎರಡಕ್ಕೂ ಕೆಳಗೆ ಹೇಳುವ ಕ್ರಮ ಒಂದೇ, ಅದಕ್ಕಾಗಿ ತಲೆಬಿಸಿ ಬೇಡ.

ಮೊದಲು ಕಣ್ಣಲ್ಲಿ ನೋಡಿ

ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಮೈಕಿನ ಚಿತ್ರಕ್ಕೆ ಅಡ್ಡಗೆರೆ ಎಳೆದ ಕೀ ಇದೆಯಾ? ಅದರಲ್ಲಿ ಸಣ್ಣ ದೀಪ ಉರಿಯುತ್ತಿದ್ದರೆ ಮೈಕ್ ಮುಚ್ಚಿದೆ ಅಂತ ಅರ್ಥ. ಒಮ್ಮೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪಕ್ಕದಲ್ಲಿ ಜಾರಿಸುವ ಸ್ವಿಚ್ಚೇ ಇರುತ್ತದೆ. ಕೆಲವದರಲ್ಲಿ ಬಯಾಸ್ ಒಳಗೆ, ಅಂದರೆ ಲಿನಕ್ಸ್ ಏಳುವ ಮೊದಲೇ ತೆರೆಯುವ ಮೂಲ ಸೆಟ್ಟಿಂಗ್ಸಿನಲ್ಲಿ, ಮೈಕ್ ಬಂದ್ ಮಾಡುವ ಅವಕಾಶ ಇದೆ. ಅಲ್ಲಿ ಬಂದ್ ಆಗಿದ್ದರೆ ಲಿನಕ್ಸಿಗೆ ಮೈಕ್ ಕಾಣುವುದೇ ಇಲ್ಲ.

ಇನ್ನೊಂದು ಜಾಗ ಯಾರಿಗೂ ಹೊಳೆಯುವುದಿಲ್ಲ. ನಮ್ಮ ಊರಿನ ಒಬ್ಬರು ನಿವೃತ್ತ ಮಾಷ್ಟ್ರು ದುಬಾಯಿಯ ಮಕ್ಕಳಿಗೆ ವಾರಕ್ಕೆರಡು ದಿನ ಕನ್ನಡ ಹೇಳಿಕೊಡುತ್ತಾರೆ. "ದನಿ ಗುಹೆಯ ಒಳಗಿಂದ ಬಂದ ಹಾಗೆ ಉಂಟಂತೆ, ಒಮ್ಮೆ ನೋಡ್ತೀಯಾ?" ಅಂತ ಫೋನ್ ಮಾಡಿದರು. ಹೋಗಿ ನೋಡಿದೆ. ಸೆಟ್ಟಿಂಗ್ಸ್ ಎಲ್ಲ ಸರಿ ಇದೆ. ಪರದೆಯ ಮೇಲಂಚಿನಲ್ಲಿ ಕ್ಯಾಮೆರಾಕ್ಕೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿದ್ದರು, ಕ್ಲಾಸ್ ಇಲ್ಲದಾಗ ಯಾರೂ ನೋಡದ ಹಾಗೆ. ಕ್ಲಾಸಿನ ಹೊತ್ತಿಗೆ ಟೇಪಿನ ನಡುಭಾಗ ಮಾತ್ರ ಮಡಚುತ್ತಿದ್ದರು. ಕ್ಯಾಮೆರಾದ ಎರಡೂ ಬದಿಗೆ ಸಾಸಿವೆ ಕಾಳಿಗಿಂತ ಸಣ್ಣ ತೂತುಗಳಿವೆ ಅಲ್ವಾ, ಅದೇ ಮೈಕ್. ಟೇಪಿನ ಎರಡು ತುದಿ ಸರಿಯಾಗಿ ಅವುಗಳ ಮೇಲೇ ಕೂತಿತ್ತು. ಟೇಪ್ ತೆಗೆದು ಅಂಟು ಒರೆಸಿದೆವು, ಮುಗಿಯಿತು. ಆ ತೂತಿಗೆ ಪಿನ್ನೋ ಸೂಜಿಯೋ ಹಾಕಬೇಡಿ, ಒಳಗಿನ ತೆಳು ಪರದೆ ಹರಿದರೆ ಮೈಕ್ ಹೋಯಿತು. ಒಣಗಿದ ಮೃದು ಬ್ರಷ್ ಸಾಕು.

ನಿಮ್ಮ ದನಿ ನೀವೇ ರೆಕಾರ್ಡ್ ಮಾಡಿ ಕೇಳಿ

ಇದೇ ಮುಖ್ಯವಾದ ಹೆಜ್ಜೆ, ಇದನ್ನು ಬಿಡಬೇಡಿ. ಕಾಲ್ ಮುಚ್ಚಿ, ಬ್ರೌಸರೂ ಮುಚ್ಚಿ. ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ತೆರೆದು ಇನ್‌ಪುಟ್ ನೋಡಿ. ಮಾತಾಡಿದಾಗ ಪಕ್ಕದ ಪಟ್ಟಿ ಕುಣಿಯಬೇಕು. ಆಮೇಲೆ ಸೌಂಡ್ ರೆಕಾರ್ಡರ್ ಅಥವಾ ಆಡಾಸಿಟಿ ತೆರೆದು ಹತ್ತು ಸೆಕೆಂಡ್ ಮಾತಾಡಿ, ಹಾಕಿ ಕೇಳಿ. ದನಿ ಚೆನ್ನಾಗಿ ಕೇಳಿದರೆ ನೀರು ಟ್ಯಾಂಕಿಯ ತನಕ ಬಂದಿದೆ, ತೊಂದರೆ ಹೆಚ್ಚಾಗಿ ಬ್ರೌಸರಿನಲ್ಲೋ ನೆಟ್‌ನಲ್ಲೋ ಇದೆ. ಕೇಳದಿದ್ದರೆ ತೊಂದರೆ ಅದಕ್ಕಿಂತ ಹಿಂದೆ. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಉಳಿಯುತ್ತದೆ. ರೆಕಾರ್ಡಿಂಗ್ ಚೊಕ್ಕವಾಗಿದ್ದು ಕಾಲ್‌ನಲ್ಲಿ ಮಾತ್ರ ದನಿ ತುಂಡು ತುಂಡಾಗುತ್ತಿದ್ದರೆ ಮೈಕಿನ ತಂಟೆಗೇ ಹೋಗಬೇಡಿ, ವೀಡಿಯೋ ಬಂದ್ ಮಾಡಿ ನೋಡಿ. ದನಿಗೆ ಬೇಕಾದ ನೆಟ್ ತುಂಬ ಕಡಿಮೆ, ತಿನ್ನುವುದು ವೀಡಿಯೋ.

ರೆಕಾರ್ಡಿಂಗ್‌ನಲ್ಲೂ ಮೌನ ಅಂದರೆ

ಮೊದಲಿಗೆ ಲಿನಕ್ಸಿಗೆ ಮೈಕ್ ಕಾಣುತ್ತಿದೆಯಾ ನೋಡಬೇಕು. ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆದು ಎ-ರೆಕಾರ್ಡ್ ಅನ್ನುವ ಕಮಾಂಡ್ ಹಾಕಿ. ರೆಕಾರ್ಡ್ ಅನ್ನುವ ಇಂಗ್ಲಿಷ್ ಪದ, ಅದರ ಮೊದಲು ಎ ಅಕ್ಷರ, ಎಲ್ಲ ಸೇರಿಸಿ ಸಣ್ಣಕ್ಷರದಲ್ಲಿ, ಆಮೇಲೆ ಒಂದು ಖಾಲಿ ಜಾಗ, ಒಂದು ಹೈಫನ್ (ನಡುವಿನ ಸಣ್ಣ ಅಡ್ಡಗೆರೆ), ಅದಕ್ಕೆ ತಾಗಿಸಿ ಸಣ್ಣಕ್ಷರದ ಎಲ್. ಎಂಟರ್ ಒತ್ತಿದರೆ ದನಿ ಹಿಡಿಯಬಲ್ಲ ಕಾರ್ಡುಗಳ ಪಟ್ಟಿ ಬರುತ್ತದೆ. ಅಲ್ಲಿ ಕಾರ್ಡ್ 0, ಕಾರ್ಡ್ 1 ಅಂತ ಸಾಲುಗಳು ಬಂದರೆ ಒಳ್ಳೆಯದು. ಪಟ್ಟಿ ಖಾಲಿಯಾಗಿದ್ದರೆ ಕರ್ನೆಲ್‌ಗೇ ಸಿಕ್ಕಿಲ್ಲ.

ಸಿಕ್ಕಿದೆ ಅಂತಿಟ್ಟುಕೊಳ್ಳಿ. ಈಗ ಆಲ್ಸಾಮಿಕ್ಸರ್. ಟರ್ಮಿನಲ್‌ನಲ್ಲಿ ಎ, ಎಲ್, ಎಸ್, ಎ, ಅದಕ್ಕೆ ತಾಗಿಸಿ ಮಿಕ್ಸರ್ ಅಂತ ಬರೆದು ಎಂಟರ್. ಹಳೆಯ ಕಾಲದ ಹಾಗೆ ಕಾಣುವ ಕಪ್ಪು ಪರದೆ ಬರುತ್ತದೆ, ಹೆದರಬೇಡಿ. ಎಫ್6 ಒತ್ತಿ ನಿಮ್ಮ ನಿಜವಾದ ಸೌಂಡ್ ಕಾರ್ಡ್ ಆರಿಸಿ. ಇದನ್ನು ಮರೆತವರು ಜಾಸ್ತಿ, ಸುಮ್ನೆ ಡಿಫಾಲ್ಟ್ ಪಟ್ಟಿಯನ್ನೇ ನೋಡುತ್ತಾ ಕೂರುತ್ತಾರೆ. ಆಮೇಲೆ ಎಫ್4 ಒತ್ತಿದರೆ ದನಿ ಹಿಡಿಯುವ ಕಂಬಗಳು ಮಾತ್ರ ಕಾಣುತ್ತವೆ. ಕ್ಯಾಪ್ಚರ್ ಅನ್ನುವ ಕಂಬದ ಹತ್ತಿರ ಹೋಗಿ ನೋಡಿ. ಅದರ ಕೆಳಗೆ ಕೆಂಪಕ್ಷರದಲ್ಲಿ ಕ್ಯಾಪ್ಚರ್ ಅಂತ ಇರಬೇಕು. ಇಲ್ಲದಿದ್ದರೆ ಸ್ಪೇಸ್ ಬಾರ್ ಒತ್ತಿ. ಮೇಲಿನ ಬಾಣದಿಂದ ಏರಿಸಿ. ಮುಗಿದ ಮೇಲೆ ಎಸ್ಕೇಪ್.

ಅಲ್ಲೇ ಮೈಕ್ ಬೂಸ್ಟ್ ಅಂತ ಇನ್ನೊಂದು ಕಂಬ ಇರಬಹುದು. ಸಾಮಾನ್ಯವಾಗಿ 10 ಡೆಸಿಬೆಲಿನ ಮೆಟ್ಟಿಲುಗಳಲ್ಲಿ 30ರ ತನಕ ಏರುತ್ತದೆ. ದನಿ ಸಣ್ಣದಾಗಿದೆ ಅಂತ ಎಲ್ಲರೂ ಇದನ್ನು ತುದಿಗೆ ಏರಿಸುತ್ತಾರೆ, ಆಗ ಶ್ಶ್ ಅನ್ನುವ ಸದ್ದು ಬಂದು ಮಾತು ಒಡೆಯುತ್ತದೆ. ಒಂದು ಮೆಟ್ಟಿಲು ಸಾಕು, ಉಳಿದದ್ದನ್ನು ಕ್ಯಾಪ್ಚರ್ ಕಂಬದಲ್ಲಿ ಸರಿ ಮಾಡಿ.

ಇನ್ನು ಪಟ್ಟಿಯೇ ಖಾಲಿ ಬಂದವರಿಗೆ. ಈಚಿನ ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಮೈಕ್ ಡಿಜಿಟಲ್. ಅದು ನಡೆಯಬೇಕಾದರೆ ಸೌಂಡ್ ಓಪನ್ ಫರ್ಮ್‌ವೇರ್ ಅನ್ನುವ ಸಣ್ಣ ತಂತ್ರಾಂಶ ಬೇಕು, ಚಿಕ್ಕದಾಗಿ ಸಾಫ್ ಅನ್ನುತ್ತಾರೆ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಫರ್ಮ್‌ವೇರ್-ಸಾಫ್-ಸೈನ್ಡ್ ಅನ್ನುವ ಪ್ಯಾಕೇಜ್, ಪ್ರೋಗ್ರಾಂಗಳನ್ನು ಹುಡುಕಿ ಹಾಕುವ ಸಿನಾಪ್ಟಿಕ್‌ನಲ್ಲಿ ಫರ್ಮ್‌ವೇರ್ ಅಂತ ಹುಡುಕಿದರೆ ಸಿಗುತ್ತದೆ. ಹಾಕಿ, ಲ್ಯಾಪ್‌ಟಾಪ್ ಪೂರ್ತಿ ಬಂದ್ ಮಾಡಿ ಪುನಃ ಚಾಲೂ ಮಾಡಿ. ಎಎಂಡಿ ರೈಝನ್ ಇರುವ ಕೆಲವು ಲ್ಯಾಪ್‌ಟಾಪ್‌ಗಳ ಒಳಮೈಕಿಗೆ ಕರ್ನೆಲ್ ಒಳಗೇ ಆ ಮಾಡೆಲಿನ ಹೆಸರು ಸೇರಿರಬೇಕಾಗುತ್ತದೆ, ಅಂಥದ್ದಕ್ಕೆ ಹೊಸ ಕರ್ನೆಲ್ ಒಂದೇ ಮದ್ದು. ಹೊಸ ಕರ್ನೆಲ್‌ನಲ್ಲಿ ಸರಿಯಾದೀತಾ ಅಂತ ತಿಳಿಯಲು ಈಗಿನದ್ದನ್ನು ಅಳಿಸಬೇಕಾಗಿಲ್ಲ. ಹೊಸ ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಲೈವ್ ಆಗಿ ತೆರೆಯಿರಿ, ಇನ್‌ಸ್ಟಾಲ್ ಮಾಡದೆ. ಅಲ್ಲಿ ಮೈಕ್ ನಡೆದರೆ ಉತ್ತರ ಸಿಕ್ಕಿತು.

ಪಾವುಕಂಟ್ರೋಲ್ ಇಟ್ಟುಕೊಳ್ಳಿ

ಇದು ಒಂದು ಸಣ್ಣ ಪ್ರೋಗ್ರಾಂ. ಸಾಫ್ಟ್‌ವೇರ್ ಅಂಗಡಿಯಲ್ಲಿ ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಪೈಪ್‌ವೈರ್ ಇದ್ದರೂ ನಡೆಯುತ್ತದೆ. ಮಾಮೂಲಿ ಸೆಟ್ಟಿಂಗ್ಸ್ ಅಡಗಿಸಿಡುವುದನ್ನೆಲ್ಲ ಇದು ತೋರಿಸುತ್ತದೆ, ನನ್ನ ಮಟ್ಟಿಗೆ ಲಿನಕ್ಸಿನಲ್ಲಿ ಕಾಲ್ ಮಾಡುವ ಯಾರೂ ಇದಿಲ್ಲದೆ ಇರಬಾರದು.

ಅದರ ಕೊನೆಯ ಪುಟ ಕಾನ್ಫಿಗರೇಶನ್. ಅಲ್ಲಿ ನಿಮ್ಮ ಕಾರ್ಡಿನ ಪ್ರೊಫೈಲ್ ಸಾಮಾನ್ಯವಾಗಿ ಅನಲಾಗ್ ಸ್ಟೀರಿಯೋ ಡ್ಯೂಪ್ಲೆಕ್ಸ್ ಅಂತ ಇರಬೇಕು. ಡ್ಯೂಪ್ಲೆಕ್ಸ್ ಅಂದರೆ ಹೋಗುವುದೂ ಬರುವುದೂ ಎರಡೂ. ಬರೀ ಔಟ್‌ಪುಟ್ ಅಂತ ಇದ್ದರೆ ಮೈಕನ್ನು ನೀವೇ ಹೊರಗಿಟ್ಟ ಹಾಗೆ. ಟಿವಿಗೋ ಶಾಲೆಯ ಪ್ರೊಜೆಕ್ಟರಿಗೋ ಎಚ್‌ಡಿಎಂಐ ವಯರ್ ಸಿಕ್ಕಿಸಿ ತೆಗೆದ ಮೇಲೆ ಹೀಗಾಗುವುದು ತುಂಬ ಸಾಮಾನ್ಯ. ಪ್ರೊಫೈಲ್ ಎಚ್‌ಡಿಎಂಐಗೆ ಹೋಗಿ ಅಲ್ಲೇ ಉಳಿದಿರುತ್ತದೆ.

ರೆಕಾರ್ಡಿಂಗ್ ಅನ್ನುವ ಪುಟವನ್ನು ಕಾಲ್ ನಡೆಯುತ್ತಿರುವಾಗಲೇ ನೋಡಬೇಕು. ಬ್ರೌಸರಿನ ಹೆಸರು, ಪಕ್ಕದಲ್ಲಿ ಅದು ಯಾವ ಮೈಕಿನಿಂದ ದನಿ ತೆಗೆದುಕೊಳ್ಳುತ್ತಿದೆ ಅಂತ ಇರುತ್ತದೆ. ಅಲ್ಲಿ ಮಾನಿಟರ್ ಆಫ್ ಅಂತ ಶುರುವಾಗುವ ಹೆಸರಿದ್ದರೆ, ಬ್ರೌಸರ್ ನಿಮ್ಮ ಮೈಕ್ ಬಿಟ್ಟು ನಿಮ್ಮ ಸ್ಪೀಕರಿನ ದನಿಯನ್ನೇ ಕೇಳಿಸಿಕೊಳ್ಳುತ್ತಿದೆ. ಒತ್ತಿ ಸರಿಯಾದ ಮೈಕಿಗೆ ಬದಲಿಸಿ. ಬ್ರೌಸರಿನ ಹೆಸರೇ ಇಲ್ಲದಿದ್ದರೆ ಅದಕ್ಕೆ ಅನುಮತಿ ಸಿಕ್ಕಿಲ್ಲ.

ರೆಕಾರ್ಡ್ ಸರಿ, ಕಾಲ್‌ನಲ್ಲಿ ಮಾತ್ರ ಮೌನ

ಇದು ಎಲ್ಲಕ್ಕಿಂತ ತಲೆಕೆಡಿಸುವ ತೊಂದರೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪಕ್ಕದ ಮನೆಯ ಹುಡುಗಿಗೆ ಕೆಲಸದ ಸಂದರ್ಶನ ಇತ್ತು, ಆನ್‌ಲೈನ್. ಹಿಂದಿನ ದಿನ ಸಂಜೆ ಬಂದು "ಮಾವ, ರೆಕಾರ್ಡರಿನಲ್ಲಿ ನನ್ನ ದನಿ ಚೆಂದ ಕೇಳ್ತದೆ, ಕಾಲ್ ಹಾಕಿದ್ರೆ ಯಾರಿಗೂ ಏನೂ ಕೇಳುವುದಿಲ್ಲ" ಅಂದಳು. ಅನುಮತಿ ಇತ್ತು. ಮೈಕಿನ ಆಯ್ಕೆ ಸರಿ ಇತ್ತು. ಪಾವುಕಂಟ್ರೋಲಿನಲ್ಲಿ ಪಟ್ಟಿ ಕುಣಿಯುತ್ತಿತ್ತು. ಬ್ರೌಸರಿನಲ್ಲಿ ಮಾತ್ರ ಶೂನ್ಯ.

ಕೊನೆಗೆ ಆಡಾಸಿಟಿಯಲ್ಲಿ ಅವಳ ದನಿಯನ್ನು ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿ, ಅಲೆಯನ್ನು ದೊಡ್ಡದು ಮಾಡುತ್ತಾ ಹೋದೆವು. ಎರಡು ಸಾಲು, ಎಡದ್ದು ಮೇಲೆ, ಬಲದ್ದು ಕೆಳಗೆ. ಎಡದ ಗೆರೆ ಗುಡ್ಡದ ಹಾಗೆ ಏರಿದ ಕಡೆಯಲ್ಲೆಲ್ಲ ಬಲದ ಗೆರೆ ಅಷ್ಟೇ ಆಳಕ್ಕೆ ಗುಂಡಿಯ ಹಾಗೆ ಇಳಿದಿತ್ತು. ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೈಕಿನ ಎರಡು ದಾರಿಗಳು ಹೀಗೆ ಉಲ್ಟಾ ಇರುತ್ತವೆ. ಬೇರೆ ಬೇರೆಯಾಗಿ ಕೇಳಿದರೆ ಕಿವಿಗೆ ಗೊತ್ತಾಗುವುದಿಲ್ಲ. ಆದರೆ ಕಾಲ್‌ನಲ್ಲಿ ಎರಡನ್ನೂ ಕೂಡಿಸಿ ಒಂದೇ ದನಿ ಮಾಡುತ್ತಾರೆ. ಗುಡ್ಡದ ಮಣ್ಣು ಗುಂಡಿಗೆ ಬಿದ್ದು ನೆಲ ಸಮ ಆಗುತ್ತದೆ, ಅಂದರೆ ಮೌನ.

ಪರಿಹಾರ ಅರ್ಧ ನಿಮಿಷದ್ದು. ಪಾವುಕಂಟ್ರೋಲಿನ ಇನ್‌ಪುಟ್ ಡಿವೈಸಸ್ ಪುಟದಲ್ಲಿ ಬೀಗದ ಚಿತ್ರದ ಗುಂಡಿ ಇದೆ, ಎಡ ಬಲ ಎರಡನ್ನೂ ಒಟ್ಟಿಗೆ ಕಟ್ಟಿಡುವುದು ಅದೇ. ಅದನ್ನು ಒತ್ತಿ ಬಿಡಿಸಿದರೆ ಎರಡು ಪಟ್ಟಿ ಬೇರೆ ಬೇರೆ ಕಾಣುತ್ತವೆ. ಬಲದ್ದನ್ನು ಪೂರ್ತಿ ಸೊನ್ನೆಗೆ ಇಳಿಸಿ, ಎಡದ್ದು ಹಾಗೇ ಇರಲಿ. ಅಷ್ಟು ಮಾಡಿದ ಕೂಡಲೇ ಆಚೆಯಿಂದ ಅವಳ ಗೆಳತಿ "ಹಾಂ, ಈಗ ಕೇಳ್ತಾ ಇದೆ" ಅಂದಳು. ಮರುದಿನದ ಸಂದರ್ಶನಕ್ಕೆ ದನಿಯ ತೊಂದರೆ ಬರಲಿಲ್ಲ. ಈ ಉಪಾಯ ಮಾಡಿದ ಮೇಲೆ ಸೆಟ್ಟಿಂಗ್ಸ್‌ನ ಮಾಮೂಲಿ ಪಟ್ಟಿಯಲ್ಲಿ ಮೈಕ್ ಏರಿಸಲು ಹೋಗಬೇಡಿ, ಎರಡೂ ಮತ್ತೆ ಒಂದಾಗಬಹುದು. ಮೀಟಿಂಗ್ ತಂತ್ರಾಂಶದಲ್ಲಿ ಮೈಕಿನ ಮಟ್ಟವನ್ನು ತಾನಾಗಿ ಸರಿಪಡಿಸು ಅನ್ನುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ.

ಬ್ರೌಸರಿನ ಅನುಮತಿ

ವಿಳಾಸದ ಪಟ್ಟಿಯ ಎಡಗಡೆಯ ಸಣ್ಣ ಚಿತ್ರ ಒತ್ತಿ, ಮೈಕ್ರೊಫೋನ್ ಅಲೋ ಆಗಿದೆಯಾ ನೋಡಿ. ಗಡಿಬಿಡಿಯಲ್ಲಿ ಒಮ್ಮೆ ಬ್ಲಾಕ್ ಒತ್ತಿದ್ದರೆ ಅದು ನೆನಪಿಟ್ಟುಕೊಂಡು ಮತ್ತೆ ಕೇಳುವುದೇ ಇಲ್ಲ. ಬದಲಿಸಿದ ಮೇಲೆ ಪುಟವನ್ನು ರಿಫ್ರೆಶ್ ಮಾಡಿ. ವಿಳಾಸ ಎಚ್‌ಟಿಟಿಪಿಎಸ್ ಆಗಿರದಿದ್ದರೆ ಬ್ರೌಸರ್ ಮೈಕ್ ಕೊಡುವುದಿಲ್ಲ. ಉಬುಂಟುವಿನಲ್ಲಿ 21.10ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ, ಅಂದರೆ ಸಿಸ್ಟಮ್ಮಿನಿಂದ ಬೇರ್ಪಡಿಸಿ ಕಟ್ಟಿದ ಪ್ಯಾಕೇಜಾಗಿ ಬರುತ್ತದೆ, ಕ್ರೋಮಿಯಂ ಅದಕ್ಕೂ ಮೊದಲಿನಿಂದ. ಸ್ನ್ಯಾಪ್ ಪ್ರೋಗ್ರಾಂಗಳಿಗೆ ಸಿಸ್ಟಮ್ಮಿನ ಕಡೆಯಿಂದ ಬೇರೆ ಅನುಮತಿ ಬೇಕು. ಸೆಟ್ಟಿಂಗ್ಸ್‌ನ ಆಪ್ಸ್ ಒಳಗೆ ಆ ಪ್ರೋಗ್ರಾಂ ಆರಿಸಿ, ದನಿ ರೆಕಾರ್ಡ್ ಮಾಡುವ ಅನುಮತಿ ಚಾಲೂ ಮಾಡಿ.

ಇಯರ್‌ಫೋನ್ ಮತ್ತು ಬ್ಲೂಟೂತ್

ಇಯರ್‌ಫೋನಿನ ಪಿನ್ ಬೆಳಕಿಗೆ ಹಿಡಿದು ಗೆರೆ ಎಣಿಸಿ. ಮೂರು ಗೆರೆ ಇದ್ದರೆ ನಾಲ್ಕು ತುಂಡು, ಅಂದರೆ ಮೈಕ್ ಇದೆ. ಎರಡೇ ಗೆರೆ ಇದ್ದರೆ ಬರೀ ಕೇಳಲಿಕ್ಕೆ. ಸಿಕ್ಕಿಸಿದ ಕೂಡಲೇ ಪರದೆಯಲ್ಲಿ ಹೆಡ್‌ಫೋನಾ, ಹೆಡ್‌ಸೆಟ್ಟಾ ಅಂತ ಕೇಳಿದರೆ ಹೆಡ್‌ಸೆಟ್ ಒತ್ತಿ. ಹೆಡ್‌ಫೋನ್ ಒತ್ತಿದರೆ ಅದರ ಮೈಕನ್ನು ಲೆಕ್ಕಕ್ಕೇ ಇಡುವುದಿಲ್ಲ. ಎರಡು ಪಿನ್ನಿನ ಹಳೆಯ ಹೆಡ್‌ಸೆಟ್ ಆದರೆ ಎರಡನ್ನು ಒಂದು ಮಾಡುವ ಕನೆಕ್ಟರ್ ಬೇಕು. ಪಿನ್ ಪೂರ್ತಿ ಒಳಗೆ ಹೋಗಬೇಕು, ಕೊನೆಗೆ ಕ್ಲಿಕ್ ಅನ್ನುವ ತನಕ. ನಮ್ಮಲ್ಲಿ ಜೂನ್ ಬಂತೆಂದರೆ ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಪಿನ್ನಿಗೂ ಮಸಿ ಹಿಡಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ನಾಲ್ಕೈದು ಸಲ ಹಾಕಿ ತೆಗೆದರೆ ಎಷ್ಟೋ ಸಲ ಗರಗರ ನಿಂತುಬಿಡುತ್ತದೆ.

ಬ್ಲೂಟೂತಿನ ವಿಷಯದಲ್ಲಿ ಒಂದು ತಿಳಿದಿರಲಿ. ಅದಕ್ಕೆ ಎರಡು ರೀತಿ ಇದೆ. ಎ2ಡಿಪಿ ಅನ್ನುವುದರಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ, ಮೈಕ್ ಇಲ್ಲ. ಎಚ್‌ಎಫ್‌ಪಿ ಅನ್ನುವುದರಲ್ಲಿ ಮೈಕ್ ಇದೆ, ದನಿ ಮಾತ್ರ ಹಳೆಯ ಟೆಲಿಫೋನಿನ ಹಾಗೆ. ಕಾನ್ಫಿಗರೇಶನ್ ಪುಟದಲ್ಲಿ ಬದಲಿಸಬಹುದು. ಎಚ್‌ಎಫ್‌ಪಿಯಲ್ಲಿ ಎಂಎಸ್‌ಬಿಸಿ ಅನ್ನುವುದು ಸಿಕ್ಕಿದರೆ 16 ಕಿಲೋಹರ್ಟ್ಸ್, ಸಿವಿಎಸ್‌ಡಿ ಆದರೆ 8. ಈ ಸಂಖ್ಯೆ ಹೆಚ್ಚಿದ್ದಷ್ಟು ದನಿ ಸ್ಪಷ್ಟ, ಹಾಗಾಗಿ ಮೊದಲಿನದ್ದೇ ಇರಲಿ. ನಾನಂತೂ ಬ್ಲೂಟೂತನ್ನು ಕೇಳಲು ಮಾತ್ರ ಇಟ್ಟುಕೊಂಡು, ಮೈಕಿಗೆ ಲ್ಯಾಪ್‌ಟಾಪಿನದ್ದೇ ಆರಿಸುತ್ತೇನೆ. ಎರಡೂ ಕಡೆ ದನಿ ಚೊಕ್ಕ.

ಗುಂಯ್ ಅನ್ನುವುದು, ಮಾರ್ದನಿ, ಮಳೆ

ಹಿಂದಿನಿಂದ ಗುಂಯ್ ಅಂತ ಒಂದೇ ಸಮ ಬರುತ್ತಿದ್ದರೆ ಚಾರ್ಜರ್ ತೆಗೆದು ನೋಡಿ. ನಿಂತರೆ ಕರೆಂಟಿನ ಅರ್ತ್ ಸರಿ ಇಲ್ಲದಿರಬಹುದು. ಹಳೆಯ ಹೆಂಚಿನ ಮನೆಗಳಲ್ಲಿ ಇದು ಜಾಸ್ತಿ, ಕಾಲ್ ಬ್ಯಾಟರಿಯಲ್ಲೇ ಮಾಡಿ, ವಯರಿಂಗ್‌ನವರಿಗೆ ಒಮ್ಮೆ ತೋರಿಸಿ.

ಆಚೆಯವರಿಗೆ ಅವರ ಮಾತೇ ತಿರುಗಿ ಕೇಳುತ್ತಿದೆ ಅಂದರೆ ಸರಿ ಮಾಡಬೇಕಾದದ್ದು ನಿಮ್ಮ ಕಡೆ. ನಿಮ್ಮ ಸ್ಪೀಕರಿನ ಸದ್ದು ನಿಮ್ಮ ಮೈಕಿಗೆ ಹೋಗುತ್ತಿದೆ. ಇಯರ್‌ಫೋನ್ ಹಾಕಿ.

ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರ್ ಒಳಗೆ. ತಗಡಿನ ಶೀಟಿನ ಕೆಳಗೆ ಕೂತು ಕಾಲ್ ಮಾಡಿದರೆ ಯಾವ ಮೈಕಿಗೂ ಮಾತು ಸಿಗುವುದಿಲ್ಲ. ಜಗಲಿ ಬಿಟ್ಟು ಅಟ್ಟ ಇರುವ ಒಳಕೋಣೆಗೆ ಹೋಗಿ. ಮೀಟಿಂಗ್ ತಂತ್ರಾಂಶದಲ್ಲಿ ನಾಯ್ಸ್ ಸಪ್ರೆಷನ್ ಚಾಲೂ ಮಾಡಿ, ಮಳೆಯ ಒಂದೇ ಸಮನಾದ ಸದ್ದನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಆದರೆ ತಾಳಮದ್ದಳೆಯ ಅಭ್ಯಾಸವನ್ನು ಆನ್‌ಲೈನ್‌ನಲ್ಲಿ ಮಾಡುವವರು ಅದನ್ನು ಬಂದ್ ಮಾಡಲೇಬೇಕು. ಚೆಂಡೆ, ಮದ್ದಳೆ, ಭಾಗವತರ ಎಳೆತ ಎಲ್ಲವೂ ಅದಕ್ಕೆ ಗಲಾಟೆಯೇ, ಕತ್ತರಿಸಿಬಿಡುತ್ತದೆ.

ಇಷ್ಟೆಲ್ಲ ನೋಡಿಯೂ ಆಗದಿದ್ದರೆ, ಒಂದು ಯುಎಸ್‌ಬಿ ಹೆಡ್‌ಸೆಟ್ ತನ್ನಿ. ಅದರೊಳಗೆ ಅದರದ್ದೇ ಸಣ್ಣ ಸೌಂಡ್ ಕಾರ್ಡ್ ಇರುತ್ತದೆ, ಸಾಮಾನ್ಯವಾಗಿ ಲಿನಕ್ಸಿಗೆ ಬೇರೆ ಡ್ರೈವರ್ ಬೇಡ. ಸಿಕ್ಕಿಸಿ, ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಅದಕ್ಕೆ ಬದಲಿಸಿ, ಆಮೇಲೆ ಮೀಟಿಂಗ್‌ನ ಒಳಗೂ ಅದನ್ನೇ ಆರಿಸಿ. ಸಂಜೆಯ ಕಾಲ್‌ಗೆ ಮೊದಲು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಅಜ್ಜಿಗೆ ಕೇಳಿಸಿ, ಅವರಿಗೆ ಅವರ ದನಿ ಸರಿ ಕೇಳಿದರೆ ಮಕ್ಕಳಿಗೆ ಫೋನ್ ಹಾಕಬಹುದು.